‘ನ್ಯಾನೋ’ ಎಂದ ಮಾತ್ರಕ್ಕೆ ಒಡವೆ ಮಾರಬೇಡಿ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ತಲುಪಿದೆ ಎಂದು ಗೊತ್ತಾದರೆ ಸಾಕು, ನಾಲ್ಕೂ ಕಡೆಯಿಂದ ಸಲಹೆಗಳು ಬರತೊಡಗುತ್ತವೆ. ಒಬ್ಬರು ಕಷಾಯ ಹೇಳುತ್ತಾರೆ. ಇನ್ನೊಬ್ಬರು ವಿದೇಶದ ಆಸ್ಪತ್ರೆಯ ವಿಡಿಯೋ ಕಳುಹಿಸುತ್ತಾರೆ. ಈ ಸಾಲಿಗೆ ಈಗ ‘ನ್ಯಾನೋ’ ಎಂಬ ಪದವೂ ಸೇರಿದೆ. ನ್ಯಾನೋ ಔಷಧಿ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿ ಕ್ಯಾನ್ಸರನ್ನು ಬೇರುಸಹಿತ ತೆಗೆಯುತ್ತದೆ ಎಂಬ ಮಾತು ಕೇಳಿ ಒಡವೆ ಮಾರಲು, ಸಾಲ ಎತ್ತಲು ಹೊರಡುವ ಮುನ್ನ ಇದರಲ್ಲಿ ನಿಜವೆಷ್ಟು ಎಂದು ತಿಳಿದುಕೊಳ್ಳಿ.

ನಿಜ ಇಲ್ಲವೆಂದಲ್ಲ. ನಮ್ಮ ರಕ್ತದಲ್ಲಿರುವ ಟಿ ಕೋಶಗಳು ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲಬಲ್ಲವು. ಆದರೆ ಅವು ಅತಿಯಾಗಿ ವರ್ತಿಸದಂತೆ ದೇಹವೇ ಅವುಗಳಿಗೆ ಬ್ರೇಕ್ ಇಟ್ಟಿದೆ. ಕ್ಯಾನ್ಸರ್ ಆ ಬ್ರೇಕನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಬ್ರೇಕ್ ಸಡಿಲಿಸುವ ದಾರಿ ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಮ್ಯುನೋಥೆರಪಿ ಎಂದು ವೈದ್ಯರು ಹೇಳುವ ಹಲವು ಇಂಜೆಕ್ಷನ್‌ಗಳು ಈ ಸಂಶೋಧನೆಯ ಫಲ. ಇವುಗಳಿಂದ ಕೆಲವರು ವರ್ಷಗಟ್ಟಲೆ ಬದುಕಿದ್ದಾರೆ. ಆದರೆ ಬಹುಪಾಲು ರೋಗಿಗಳಲ್ಲಿ ಇವು ನಿರೀಕ್ಷಿಸಿದಷ್ಟು ಫಲ ಕೊಡುವುದಿಲ್ಲ. ಕಾರಣ, ಎಷ್ಟೋ ಗಡ್ಡೆಗಳ ಒಳಗೆ ಟಿ ಕೋಶಗಳೇ ಇರುವುದಿಲ್ಲ. ಕಾವಲುಗಾರನೇ ಇಲ್ಲದ ಕಡೆ ಬ್ರೇಕ್ ಸಡಿಲಿಸಿ ಏನು ಫಲ?

ನ್ಯಾನೋ ವಿಜ್ಞಾನದ ಕೆಲಸ ಇಲ್ಲಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಔಷಧಿ ಹೊರುವ ಕಣಗಳು ಸಾಮಾನ್ಯವಾಗಿ ನೂರರ ಆಸುಪಾಸಿನ ನ್ಯಾನೋಮೀಟರ್ ಇರುತ್ತವೆ. ಕಣ ಬರೀ ವಾಹನ, ಔಷಧಿ ಅದರೊಳಗಿರುತ್ತದೆ. ಗಲ್ಫ್‌ನಲ್ಲಿರುವ ನಿಮ್ಮ ಮನೆಯವರು ಕೋವಿಡ್ ಕಾಲದಲ್ಲಿ ಫೈಝರ್ ಲಸಿಕೆ ಪಡೆದಿದ್ದರೆ ಅವರ ತೋಳಿಗೆ ಹೋದದ್ದು ಇಂಥ ಕೊಬ್ಬಿನ ನ್ಯಾನೋ ಕಣವೇ. ತಕ್ಷಣ ಹಾಳಾಗುವ ಎಂಆರ್‌ಎನ್‌ಎಯನ್ನು ಅದು ಜೋಪಾನವಾಗಿ ಕೋಶದೊಳಕ್ಕೆ ಮುಟ್ಟಿಸಿತು. ಅದೇ ವಾಹನದಲ್ಲಿ ರೋಗಿಯ ಸ್ವಂತ ಗಡ್ಡೆಯ ಗುರುತುಗಳನ್ನು ಕಳುಹಿಸಿ, ‘ಶತ್ರು ಇವನೇ’ ಎಂದು ಟಿ ಕೋಶಗಳಿಗೆ ಕಲಿಸುವ ಪ್ರಯತ್ನ ಈಗ ನಡೆದಿದೆ.

ಮೊಡೆರ್ನಾ ಮತ್ತು ಮರ್ಕ್ ಕಂಪೆನಿಗಳು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನ 157 ರೋಗಿಗಳಲ್ಲಿ ಇಂಥ ಲಸಿಕೆಯನ್ನು ಪರೀಕ್ಷಿಸಿದವು. ಇಮ್ಯುನೋಥೆರಪಿಯ ಜೊತೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ, ಬರೀ ಇಮ್ಯುನೋಥೆರಪಿ ಪಡೆದವರಿಗಿಂತ ಶೇ. 44ರಷ್ಟು ಕಡಿಮೆಯಿತ್ತು. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇದು ದೊಡ್ಡ ಸುದ್ದಿಯೇ. ಆದರೆ ಒಂದು ವಿಷಯ ಗಮನಿಸಿ. ಆ ರೋಗಿಗಳ ಗಡ್ಡೆಯನ್ನು ಮೊದಲೇ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲಾಗಿತ್ತು. ಯಕೃತ್ತಿಗೆ, ಎಲುಬಿಗೆ ಹರಡಿ ಕೂತಿರುವ ಕ್ಯಾನ್ಸರನ್ನು ಅದು ಕರಗಿಸಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ತೊಡಕಿದೆ. ರಕ್ತಕ್ಕೆ ಬಿಟ್ಟ ನ್ಯಾನೋ ಕಣಗಳಲ್ಲಿ ಹೆಚ್ಚಿನವನ್ನು ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಪ್ರಾಣಿಗಳ ಮೇಲೆ ಹತ್ತು ವರ್ಷಗಳ ಕಾಲ ನಡೆದ ಅಧ್ಯಯನಗಳನ್ನು ಕೆನಡಾದ ಸಂಶೋಧಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೊಟ್ಟ ಔಷಧಿಯಲ್ಲಿ ಗಡ್ಡೆ ಮುಟ್ಟಿದ್ದು ಸಾಮಾನ್ಯವಾಗಿ ಶೇ. 0.7 ಮಾತ್ರ ಎಂದು ಕಂಡುಬಂತು. ಇಲಿಯಲ್ಲಿ ಗೆದ್ದ ಔಷಧಿಗಳಲ್ಲಿ ಹೆಚ್ಚಿನವು ಮನುಷ್ಯರಲ್ಲಿ ಸೋಲಲು ಇಂಥ ಕಾರಣಗಳಿವೆ. ಹಾಗಿರುವಾಗ ಬಾಟಲಿಯಲ್ಲಿ ಹನಿಯಾಗಿ, ಪುಡಿಯಾಗಿ ಮಾರುವ ‘ನ್ಯಾನೋ’ ಹರಡಿದ ಕ್ಯಾನ್ಸರನ್ನು ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಆದ್ದರಿಂದ ಯಾರಾದರೂ ನ್ಯಾನೋ ಚಿಕಿತ್ಸೆ ಸೂಚಿಸಿದರೆ ಮೂರು ಪ್ರಶ್ನೆ ಕೇಳಿ.

1. ಈ ಔಷಧಿಗೆ ಭಾರತದಲ್ಲಿ ಅನುಮತಿ ಇದೆಯೇ? ನಮ್ಮ ರೋಗಿಯ ಕ್ಯಾನ್ಸರ್‌ಗೆ, ಈ ಹಂತಕ್ಕೆ ಇದೆಯೇ?

2. ಅನುಮತಿ ಇಲ್ಲ, ಪ್ರಯೋಗ ಮಾತ್ರ ಎನ್ನುವುದಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ಪ್ರಯೋಗದ ವೆಚ್ಚವನ್ನು ರೋಗಿಯಿಂದ ಪಡೆಯಬಾರದು ಎಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆಂದು ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

3. ಮನುಷ್ಯರಲ್ಲಿ ಪರೀಕ್ಷಿಸಿದಾಗ ಎಷ್ಟು ತಿಂಗಳ ಆಯುಷ್ಯ ಹೆಚ್ಚಿತು? ಶ್ವಾಸಕೋಶ, ಕರುಳು, ಥೈರಾಯ್ಡ್‌ಗಳ ಉರಿಯೂತದಂತಹ ಅಡ್ಡಪರಿಣಾಮ ಬಂದರೆ ನೋಡಿಕೊಳ್ಳುವವರು ಯಾರು?

ಪ್ರಾಮಾಣಿಕ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗದು.

ಹಾಗಾದರೆ ಮುಂದುವರಿದ ಕ್ಯಾನ್ಸರ್‌ಗೆ ದಾರಿಯೇ ಇಲ್ಲವೇ? ಇದೆ, ಅದೂ ನಮ್ಮ ದೇಶದಲ್ಲೇ. ತಂಬಾಕು, ಗುಟ್ಖಾದಿಂದ ಬರುವ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ನಮ್ಮಲ್ಲಿ ಎಷ್ಟು ಮನೆಗಳನ್ನು ಕಾಡಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ಅಗ್ಗದ ಮಾತ್ರೆಗಳ ಜೊತೆ ನಿವೊಲುಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು, ಸಾಮಾನ್ಯ ಪ್ರಮಾಣದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಕೊಟ್ಟು ನೋಡಿದರು. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ. 16. ಈ ಔಷಧಿಯನ್ನೂ ಪಡೆದವರಲ್ಲಿ ಅದು ಶೇ. 43 ಆಯಿತು. ನ್ಯಾನೋ ಕಣದ ಹಂಗಿಲ್ಲದೆ, ಬಡವರ ಜೇಬನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದರಿಂದ ಸಿಕ್ಕಿದ ಫಲವಿದು. ನಿಮ್ಮ ರೋಗಿಗೆ ಇದು ಹೊಂದುತ್ತದೆಯೇ ಎಂದು ಕ್ಯಾನ್ಸರ್ ತಜ್ಞರನ್ನು ಧೈರ್ಯವಾಗಿ ಕೇಳಿ. ಬೆಂಗಳೂರಿನ ಕಿದ್ವಾಯಿಯಂತಹ ಸರಕಾರಿ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಆಯುಷ್ಮಾನ್ ಯೋಜನೆಯಲ್ಲಿ ಏನೇನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಊರಿನವರಿಗೂ ಒಂದು ಮಾತು. ರೋಗಿಗಾಗಿ ಹಣ ಒಟ್ಟುಗೂಡಿಸುವ ಜಮಾಅತ್‌ಗಳು ಮತ್ತು ಯುವಕರ ಸಂಘಗಳು, ಆ ಹಣ ಯಾವ ಚಿಕಿತ್ಸೆಗೆ ಹೋಗುತ್ತಿದೆ ಎಂದು ಒಬ್ಬ ಕ್ಯಾನ್ಸರ್ ತಜ್ಞರ ಬಳಿ ವಿಚಾರಿಸುವ ಪದ್ಧತಿ ಇಟ್ಟುಕೊಳ್ಳಲಿ. ಇದು ಅನುಮಾನವಲ್ಲ, ರೋಗಿಗೆ ಮಾಡುವ ಉಪಕಾರ.

ನ್ಯಾನೋ ಚಿಕಿತ್ಸೆ ಮುಂದೊಂದು ದಿನ ನಮ್ಮ ಮಕ್ಕಳ ಕಾಲಕ್ಕೆ ಸಾಮಾನ್ಯವಾಗಬಹುದು. ಅದಕ್ಕಾಗಿ ದುಡಿಯುತ್ತಿರುವ ಸಂಶೋಧಕರ ಮೇಲೆ ಭರವಸೆಯಿಡೋಣ. ಆದರೆ ಇಂದು ಹಾಸಿಗೆಯಲ್ಲಿರುವ ರೋಗಿಗೆ ಬೇಕಾಗಿರುವುದು ಸಾಬೀತಾದ ಔಷಧಿ, ನೋವು ಕಳೆಯುವ ಆರೈಕೆ ಮತ್ತು ಪಕ್ಕದಲ್ಲಿ ಮನೆಯವರು. ಅವರ ಕಾಲಾನಂತರ ಮನೆಮಂದಿ ಸಾಲದಲ್ಲಿ ಮುಳುಗುವುದನ್ನು ಯಾವ ರೋಗಿಯೂ ಬಯಸುವುದಿಲ್ಲ.