ಎಂಟು ಬಾಯಿಗೆ ಮೂರು ಮೌತ್‌ಪೀಸ್ ಸಾಕೇ?

ನಮ್ಮ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುವ ನಾನು ಈ ತಿಂಗಳು ಹಿತ್ತಾಳೆ ಮೌತ್‌ಪೀಸ್ ಬದಿಗಿಟ್ಟು ಪ್ಲಾಸ್ಟಿಕ್‌ನದನ್ನು ಹಾಕಿದ್ದೇನೆ. ಗೆಳೆಯರು ನಕ್ಕರು. ಮದುವೆ ಬ್ಯಾಂಡಿನಲ್ಲಿ ಊದುವ ನನ್ನ ಮಾಮು ಅಂತೂ ಅದಕ್ಕೆ 'ಖಿಲೌನಾ' ಎಂದೇ ಹೆಸರಿಟ್ಟರು.

ಆಟಿಕೆಯಲ್ಲ ಎಂಬುದು ನನ್ನ ವಾದ. ಟ್ರಂಪೆಟ್‌ನಲ್ಲಿ ನಾದ ಹುಟ್ಟುವುದು ತುಟಿಗಳ ಕಂಪನದಿಂದ. ಅದನ್ನು ತಿದ್ದುವುದು ಮುಖ್ಯವಾಗಿ ಮೌತ್‌ಪೀಸಿನ ಅಂಚು ಮತ್ತು ಬಟ್ಟಲಿನ ಆಳ. ಬಟ್ಟಲು ಆಳವಿಲ್ಲದಿದ್ದರೆ ದನಿ ಚುರುಕು, ಆಳವಿದ್ದರೆ ತುಂಬು. ಕಲಿಯುವವರಿಗೆ ಸಾಮಾನ್ಯವಾಗಿ ಕೊಡುವ 7ಸಿ ಅಳತೆಯ ಒಳವ್ಯಾಸ ಸುಮಾರು 16 ಮಿ.ಮೀ.; ನನ್ನದೂ ಅದೇ. ದನಿ ಸ್ವಲ್ಪ ಮೆತ್ತಗಾದದ್ದು ನಿಜ. ಆದರೆ ಬೆಳಗಿನ ಚಳಿಯಲ್ಲಿ ತುಟಿ ಕೊರೆಯುವುದಿಲ್ಲ, ಬಿದ್ದರೆ ತಗ್ಗಾಗುವುದಿಲ್ಲ, ಬೆಲೆಯೂ ಕಡಿಮೆ.

ಬೆಲೆಯೇ ಇಲ್ಲಿ ದೊಡ್ಡ ಮಾತು. ನಮ್ಮಲ್ಲಿರುವುದು ಮೂರು ಟ್ರಂಪೆಟ್, ಊದುವವರು ಎಂಟು ಮಂದಿ. ಒಬ್ಬರ ಬಾಯಿಂದ ತೆಗೆದದ್ದು, ಅಂಗಿಗೆ ಒರೆಸಿ, ಇನ್ನೊಬ್ಬರ ಬಾಯಿಗೆ. ಇದೇ ಹೇಸಿಗೆಗೆ ಪ್ರಥಮ ವರ್ಷದ ಇಬ್ಬರು ಬ್ಯಾಂಡ್ ಬಿಟ್ಟರು. ಕಾಮರ್ಸ್‌ನವನಾಗಿ ಹೇಳುತ್ತೇನೆ: ಟ್ರಂಪೆಟ್ ಸ್ಥಿರಾಸ್ತಿ, ಎಲ್ಲರೂ ಬಳಸಲಿ. ಮೌತ್‌ಪೀಸ್ ಹಲ್ಲುಜ್ಜುವ ಬ್ರಷ್ ಇದ್ದಂತೆ, ಅವರವರದು ಅವರವರಿಗೇ ಇರಲಿ. ಹೊಸ ವಾದ್ಯ ಕೊಳ್ಳುವ ಮೊದಲು ಕಾಲೇಜು ಎಂಟು ಪ್ಲಾಸ್ಟಿಕ್ ಮೌತ್‌ಪೀಸ್ ಕೊಡಿಸಲಿ. ನಗುವವರು ಊದಿ ನೋಡಿ ನಗಲಿ.