ತೈಲದ ಬೆಲೆ ಏರಿದರೆ ಹೊರೆ ಯಾರ ಹೆಗಲಿಗೆ?



ಪೆಟ್ರೋಲ್, ಡೀಸೆಲ್ ಬೆಲೆ ಏರಿದಾಗಲೆಲ್ಲ ಪಟ್ಟಣದಲ್ಲಿ ಸ್ಕೂಟರು, ಕಾರುಗಳ ಖರ್ಚಿನ ಮಾತೇ ಮಾತು. ಟ್ರಾಕ್ಟರ್ ಇಲ್ಲದ ರೈತನು ಇದು ತನಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವುದೂ ಉಂಟು. ಆದರೆ ಈ ಏರಿಕೆಯ ಹೊರೆಯನ್ನು ಬೇರೆಯವರಿಗೆ ದಾಟಿಸಲಾಗದೆ ತಾನೇ ಹೊರುವವನು ಬಹುಮಟ್ಟಿಗೆ ಬೇಸಾಯಗಾರ. ಅದು ಹೇಗೆಂಬುದನ್ನು ನೋಡೋಣ.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆ. ಅದರ ಬೆಲೆಯನ್ನು ಹೆಚ್ಚಾಗಿ ಡಾಲರಿನಲ್ಲಿ ತೆರಬೇಕು. ತೈಲ ತುಟ್ಟಿಯಾದಾಗ ಡಾಲರಿಗೆ ಬೇಡಿಕೆ ಹೆಚ್ಚಿ ರೂಪಾಯಿಯ ಬೆಲೆ ಕುಗ್ಗುತ್ತದೆ. ರೂಪಾಯಿ ಕುಗ್ಗಿದರೆ ಹೊರಗಿನಿಂದ ಬರುವ ಪೊಟ್ಯಾಷ್, ಡಿ.ಎ.ಪಿ. ಮೊದಲಾದವೂ ದೇಶಕ್ಕೆ ತುಟ್ಟಿಯಾಗುತ್ತವೆ.

ಹಿಂದಿನ ಅನುಭವವನ್ನು ನೆನೆಯಿರಿ. 1973ರ ಅಕ್ಟೋಬರ್‌ನ ಅರಬ್-ಇಸ್ರೇಲ್ ಯುದ್ಧದ ತರುವಾಯ, ಪೀಪಾಯಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ 1974ರ ಆರಂಭಕ್ಕೆ 11 ಡಾಲರ್ ದಾಟಿತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಬೆಲೆ ಮತ್ತೆ ಜಿಗಿಯಿತು. ಮೊದಲೇ ಸಾಲದಲ್ಲಿದ್ದ ದೇಶಕ್ಕೆ ಇದು ಬರಗಾಲದಲ್ಲಿ ಅಧಿಕಮಾಸ ಬಂದಂತಾಯಿತು. 1991ರಲ್ಲಿ ಚಿನ್ನವನ್ನು ಒತ್ತೆಯಿಟ್ಟು ವಿದೇಶಿ ವಿನಿಮಯ ಪಡೆಯಬೇಕಾಯಿತು. ಜುಲೈನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಖರ್ಚು ತಗ್ಗಿಸಲು ಸರ್ಕಾರ ಅದೇ ವರ್ಷ ರಸಗೊಬ್ಬರದ ಬೆಲೆಯನ್ನೂ ಏರಿಸಿತು. ಕುವೈತಿನ ಬೆಂಕಿಯ ಬಿಸಿ ನಮ್ಮೂರ ಗೊಬ್ಬರದ ಅಂಗಡಿಗೂ ತಟ್ಟಿತು.

ಈ ಬಿಸಿ ಹೊಲಕ್ಕೆ ಬರುವ ದಾರಿಗಳು ಮೂರು.

ಮೊದಲನೆಯದು ಉಳುಮೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣವನ್ನು ತೆಗೆಯಲಾಯಿತು. ಉದಾಹರಣೆಗಾಗಿ, ಉಳುಮೆ, ಬಿತ್ತನೆ, ಕೊಯ್ಲು ಸೇರಿ ಎಕರೆಗೆ 20 ಲೀಟರ್ ಡೀಸೆಲ್ ಬೇಕೆಂದು ಇಟ್ಟುಕೊಳ್ಳಿ. ಲೀಟರಿಗೆ 10 ರೂಪಾಯಿ ಏರಿದರೆ ಎಕರೆಗೆ 200 ರೂಪಾಯಿ, 5 ಎಕರೆಗೆ 1,000 ರೂಪಾಯಿ ಹೆಚ್ಚು. ಸ್ವಂತ ಟ್ರಾಕ್ಟರ್ ಇಲ್ಲದವರಿಗೆ ಇದು ಬಾಡಿಗೆಯಲ್ಲಿ ಸೇರಿ ಬರುತ್ತದೆ.

ಎರಡನೆಯದು ಸಾಗಾಣಿಕೆ. ಬೀಜ, ಗೊಬ್ಬರ ಬರುವುದೂ ಲಾರಿಯಲ್ಲಿ, ಹುಟ್ಟುವಳಿ ಮಾರುಕಟ್ಟೆಗೆ ಹೋಗುವುದೂ ಲಾರಿಯಲ್ಲಿ.

ಮೂರನೆಯದು ಗೊಬ್ಬರ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ಬಹುಪಾಲು ಆಮದಾಗುತ್ತದೆ. ತೈಲದ ಜೊತೆಗೆ ಅದರ ಬೆಲೆಯೂ ಏರುವುದುಂಟು. 45 ಕಿಲೋ ಚೀಲ ನಿಮಗೆ ಸುಮಾರು 266 ರೂಪಾಯಿಗೆ ಸಿಗುವುದು ಸರ್ಕಾರ ಉಳಿದುದನ್ನು ಭರಿಸುವುದರಿಂದ. ಉಕ್ರೇನ್ ಯುದ್ಧದ ನಂತರದ 2022-23ರಲ್ಲಿ ರಸಗೊಬ್ಬರದ ಸಹಾಯಧನಕ್ಕೆ ಕೇಂದ್ರವು ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ವೆಚ್ಚ ಮಾಡಿತು. ಅಷ್ಟು ಹಣ ನೀರಾವರಿಗೋ ಗೋದಾಮುಗಳಿಗೋ ಒದಗದೆ ಹೋಗುತ್ತದೆಂಬುದನ್ನು ಮರೆಯಬಾರದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಲಾರಿಯವನು ಡೀಸೆಲ್ ಖರ್ಚನ್ನು ಬಾಡಿಗೆಗೆ ಸೇರಿಸುತ್ತಾನೆ. ಕಾರ್ಖಾನೆಯವನು ತನ್ನ ಮಾಲಿಗೆ ಸೇರಿಸುತ್ತಾನೆ. ವ್ಯಾಪಾರಿ ಎರಡನ್ನೂ ಗಿರಾಕಿಯ ಮೇಲೆ ಹಾಕುತ್ತಾನೆ. ಟೊಮೇಟೊ ಬುಟ್ಟಿಯೊಡನೆ ಮಾರುಕಟ್ಟೆಗೆ ಹೋದ ರೈತನು ಯಾವುದಕ್ಕೆ ಸೇರಿಸಬೇಕು? ಅವನ ಮಾಲಿನ ಬೆಲೆಯನ್ನು ಹೇಳುವವರು ಬೇರೆ.

ಡೀಸೆಲ್ ಅಗ್ಗವಾಗಬೇಕೆಂಬುದು ನ್ಯಾಯವಾದ ಬೇಡಿಕೆ. ಅದರ ಬೆಲೆಯಲ್ಲಿ ಕೇಂದ್ರ, ರಾಜ್ಯಗಳ ತೆರಿಗೆಯ ಪಾಲು ಕಡಿಮೆಯದಲ್ಲ. 2022ರಲ್ಲಿ ಕರ್ನಾಟಕ ಸರ್ಕಾರ ‘ರೈತ ಶಕ್ತಿ’ ಯೋಜನೆಯಡಿ ಎಕರೆಗೆ 250 ರೂಪಾಯಿಯಂತೆ ಗರಿಷ್ಠ 5 ಎಕರೆಗೆ ಡೀಸೆಲ್ ಸಹಾಯಧನವನ್ನು ಘೋಷಿಸಿತು. ಇಂಥವು ಉಪಯುಕ್ತ, ಆದರೆ ಇವು ನೋವಿಗೆ ಲೇಪವೇ ಹೊರತು ರೋಗಕ್ಕೆ ಮದ್ದಲ್ಲ. ಖರ್ಚು ಏರಿದಂತೆ ಅದು ಬೆಳೆಯ ಬೆಲೆಯಲ್ಲಿ ಕಾಣಬೇಕು. ಬೆಂಬಲ ಬೆಲೆಯನ್ನು ಬಿತ್ತನೆಯ ಹೊತ್ತಿಗೆ ಪ್ರಕಟಿಸಲಾಗುತ್ತದೆ. ಆಮೇಲೆ ಡೀಸೆಲ್ ಏರಿದರೂ ಕೊಯ್ಲಿನವರೆಗೆ ಸಾಮಾನ್ಯವಾಗಿ ಅದು ಬದಲಾಗುವುದಿಲ್ಲ. ನಡುವೆ ಇಂಧನದ ಬೆಲೆ ಗಣನೀಯವಾಗಿ ಏರಿದಲ್ಲಿ ಕೊಯ್ಲಿನ ವೇಳೆಗೆ ಬೆಂಬಲ ಬೆಲೆಯನ್ನು ಪರಿಷ್ಕರಿಸುವ ಕ್ರಮ ಬರಬೇಕೆಂಬುದು ನಮ್ಮ ಅಭಿಪ್ರಾಯ. ತರಕಾರಿಯಂತಹ, ಬೆಂಬಲ ಬೆಲೆಯೇ ಇಲ್ಲದ ಬೆಳೆಗಳಿಗೆ ಸಹಕಾರಿ ಮಾರಾಟವೇ ಸದ್ಯದ ಆಸರೆ.

ನೀವು ಮಾಡಬಹುದಾದ ಕೆಲಸವೂ ಇದೆ. ಟ್ರಾಕ್ಟರ್ ಬಾಡಿಗೆ, ಲಾರಿ ಬಾಡಿಗೆ, ಪಂಪಿನ ಎಣ್ಣೆ ಎಲ್ಲವನ್ನೂ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಬೇಸಾಯದ ವೆಚ್ಚವನ್ನು ಅಳೆಯುವ ಕೇಂದ್ರದ ಯೋಜನೆಗೆ ಹಲವು ರಾಜ್ಯಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳೇ ರೈತರಿಂದ ಲೆಕ್ಕ ಕೂಡಿಸುತ್ತವೆ. ಕೇಳಲು ಬಂದವರಿಗೆ ಅಂದಾಜು ಹೇಳದೆ ಪುಸ್ತಕ ತೆರೆದು ತೋರಿಸಿ. ಅಕ್ಕಪಕ್ಕದ ನಾಲ್ಕೈದು ಮಂದಿ ಕೂಡಿ ಒಂದೇ ಲಾರಿಯಲ್ಲಿ ಮಾಲು ಸಾಗಿಸಿ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಯೂರಿಯಾ ಹಾಕಿ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ತರಲು ಡಾಲರ್ ಬೇಕಿಲ್ಲ.

ತೈಲದ ಬೆಲೆಯನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಲೆಕ್ಕವಿಲ್ಲದವನ ಮಾತಿಗೆ ಬೆಲೆಯಿಲ್ಲ. ಬರುವ ಹಂಗಾಮಿನ ಮೊದಲ ಉಳುಮೆಯ ದಿನವೇ ಲೆಕ್ಕವನ್ನು ಆರಂಭಿಸಿರಿ.