ಸೊಕೋತ್ರಕ್ಕೆ ಹೋಗುವ ದಾರಿ, ಬರುವ ದಾರಿ

ಕಳೆದ ವಾರ ಪೇಟೆಯ ಗ್ರಂಧಿಗೆ ಅಂಗಡಿಯವರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಹುಡುಗ ಅಬುಧಾಬಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ, ರಜೆಯ ಮೇಲೆ ಊರಿಗೆ ಬಂದವನು. ಜತೆಯಲ್ಲಿ ಕೆಲಸ ಮಾಡುವ ಬೇರೆ ದೇಶದವರು ಸೊಕೋತ್ರ ಎಂಬ ದ್ವೀಪಕ್ಕೆ ಹೋಗಿ ಬಂದು ಅವನಿಗೆ ಚಿತ್ರಗಳನ್ನು ತೋರಿಸಿದ್ದಾರೆ. ಕೊಡೆ ಬಿಚ್ಚಿಟ್ಟಂತೆ ನಿಂತ ಮರಗಳು, ಬೆಳ್ಳನೆಯ ಮರಳು, ಹಸಿರು ನೀರು. "ಮೇಷ್ಟ್ರೇ, ಯುದ್ಧ ಆಗ್ತಿರೋದು ಯೆಮನ್ ನಾಡಿನಲ್ಲಿ. ಈ ದ್ವೀಪದಲ್ಲಿ ಗುಂಡಿನ ಸದ್ದೇ ಇಲ್ಲವಂತೆ. ನಾಲ್ಕು ದಿನ ಹೋಗಿಬಂದರೆ ಏನು ತಪ್ಪು?" ಎಂದು ಕೇಳಿದ. ತಂದೆ ಏನೂ ಆಡಲಿಲ್ಲ. ನಾವು ಏನು ಹೇಳುತ್ತೇವೆಂದು ನಮ್ಮ ಮುಖವನ್ನೇ ನೋಡುತ್ತಿದ್ದರು.

ಅಂದು ಸಭೆಗೆ ಹೊತ್ತಾಗಿದ್ದರಿಂದ ನಾವು ಕೊಟ್ಟ ಉತ್ತರ ಗಡಿಬಿಡಿಯದಾಯಿತು. ಕೊಲ್ಲಿ ನಾಡುಗಳಲ್ಲಿ ದುಡಿಯುವ ಮಕ್ಕಳು ನಮ್ಮ ಓದುಗರಲ್ಲಿ ಅನೇಕರ ಮನೆಯಲ್ಲಿದ್ದಾರೆ. ಆದ್ದರಿಂದ ಉಳಿದುದನ್ನು ಇಲ್ಲಿ ಬರೆಯುತ್ತೇವೆ.

ಶಾಲೆಯ ಗೋಡೆಯ ಭೂಪಟ ಇನ್ನೂ ಕಣ್ಣಿಗೆ ಕಟ್ಟಿದೆ. ಅರಬ್ಬೀ ಸಮುದ್ರದ ಪಶ್ಚಿಮದ ತುದಿಯಲ್ಲಿ, ಆಫ್ರಿಕದ ಕೊಂಬಿನಿಂದ ಸುಮಾರು 240 ಕಿಲೋಮೀಟರ್ ಪೂರ್ವಕ್ಕೆ, ಅರಬಸ್ತಾನದ ತೀರದಿಂದ ಸುಮಾರು 380 ಕಿಲೋಮೀಟರ್ ದಕ್ಷಿಣಕ್ಕೆ ಈ ದ್ವೀಪವಿದೆ. ರಾಜಧಾನಿ ಹದಿಬೋ. ಅಲ್ಲಿನ ಜನ ಅರಬ್ಬಿಯಲ್ಲದೆ ಸೊಕೋತ್ರಿ ಎಂಬ ತಮ್ಮದೇ ಭಾಷೆಯನ್ನೂ ಆಡುತ್ತಾರೆ. ಮೀನು ಹಿಡಿಯುವುದು, ಆಡು ಸಾಕುವುದು, ಖರ್ಜೂರ ಬೆಳೆಯುವುದು ಅವರ ಹಳೆಯ ಕಸುಬು. ಅಲ್ಲಿನ ಸುಮಾರು 825 ಬಗೆಯ ಗಿಡಮರಗಳಲ್ಲಿ ನೂರಕ್ಕೆ 37 ಜಗತ್ತಿನ ಬೇರೆಲ್ಲೂ ಇಲ್ಲವೆಂದು ಲೆಕ್ಕ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಡೆಯಂಥ ಆ ಮರವನ್ನು ಗೀರಿದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ. ನಮ್ಮ ಅಂಗಡಿಯವರಿಗೆ ಕರಿಬೋಳ ಗೊತ್ತು. ಹಿಂದಿನ ಕಾಲದಲ್ಲಿ ಅದರಲ್ಲಿ ಶ್ರೇಷ್ಠವೆಂದು ಹೆಸರು ಪಡೆದಿದ್ದುದು ಸೊಕೋತ್ರದ್ದು.

ದ್ವೀಪದ ಹೋಕ್ ಎಂಬ ಗುಹೆಯಲ್ಲಿ ಇನ್ನೂರರಷ್ಟು ಹಳೆಯ ಬರಹಗಳು ಸಿಕ್ಕಿವೆ. ಬಹುಪಾಲು ಬ್ರಾಹ್ಮೀ ಲಿಪಿಯವು. ಭರುಕಚ್ಛದಿಂದ, ಅಂದರೆ ಇಂದಿನ ಭರೂಚಿನಿಂದ, ಹೋದ ನಾವಿಕರು ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ ಕತ್ತಲೆಯಲ್ಲಿ ದೀಪ ಹಿಡಿದು ತಮ್ಮ ಹೆಸರು ಬರೆದು ಬಂದಿದ್ದಾರೆ. ಮರಳುವ ಗಾಳಿಗಾಗಿ ಕಾದು ಕುಳಿತವರ ಕೆಲಸ ಅದೆಂದು ನಮ್ಮ ಊಹೆ.

ಇನ್ನು ಗುಂಡಿನ ಮಾತು. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. 2014ರ ಸೆಪ್ಟೆಂಬರಿನಲ್ಲಿ ಹೂಥಿಗಳು ಸನಾ ನಗರವನ್ನು ಹಿಡಿದರು. 2015ರ ಮಾರ್ಚಿನಲ್ಲಿ ಸೌದಿ ಅರೇಬಿಯದ ಮುಂದಾಳ್ತನದ ಬಾಂಬುದಾಳಿ ಆರಂಭವಾಯಿತು. ಆ ಬೆಂಕಿ ದ್ವೀಪಕ್ಕೆ ಹೆಚ್ಚಾಗಿ ತಾಗಲಿಲ್ಲ. ಆದರೆ 2018ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಸೈನಿಕರು ಬಂದಿಳಿದರು. 2020ರ ಜೂನಿನಲ್ಲಿ ದಕ್ಷಿಣದ ಪ್ರತ್ಯೇಕತಾವಾದಿಗಳು ಹದಿಬೋವನ್ನು ವಶಪಡಿಸಿಕೊಂಡರು. ಆ ಮೇಲೆ ಅಬುಧಾಬಿಯಿಂದ ವಿಮಾನ ಹಾರತೊಡಗಿ ಪ್ರವಾಸಿಗರ ಸಂಖ್ಯೆ ಬೆಳೆಯಿತು. ಶ್ರೀಮಂತರ ಪ್ರವಾಸದ ಮಾರಾಟಗಾರರು "ಸುರಕ್ಷಿತ ದ್ವೀಪ" ಎಂದು ಡಂಗುರ ಹೊಡೆದರು. ನೆಲ ಯಾರದು, ಬಂದರು ಯಾರದು, ವಿಮಾನ ನಿಲ್ದಾಣದ ಕೀಲಿ ಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

2025ರ ಡಿಸೆಂಬರ್ ಕೊನೆಗೆ ಅದು ಬಯಲಾಯಿತು. ಪ್ರತ್ಯೇಕತಾವಾದಿಗಳು ಹದ್ರಮೌತ್ ಪ್ರಾಂತದೊಳಕ್ಕೆ ನುಗ್ಗಿದ್ದರಿಂದ ಸೌದಿಗೂ ಸಂಯುಕ್ತ ಸಂಸ್ಥಾನಕ್ಕೂ ಮನಸ್ತಾಪ ಹುಟ್ಟಿತು. ಸೌದಿ ವಿಮಾನಗಳು ಮುಕಲ್ಲಾ ಬಂದರಿನ ಮೇಲೆ ದಾಳಿ ಮಾಡಿದವು. ವಿಮಾನ ಸಂಚಾರ ನಿಂತಿತು. ಹೊಸ ವರ್ಷದ ಮೋಜಿಗೆಂದು ಸೊಕೋತ್ರಕ್ಕೆ ಹೋಗಿದ್ದ ನೂರಾರು ವಿದೇಶೀಯರು ಅಲ್ಲಿಯೇ ಸಿಕ್ಕಿಬಿದ್ದರು. ದ್ವೀಪದಲ್ಲಿ ಯಾರೂ ಅವರ ಮೇಲೆ ಕೋವಿ ಎತ್ತಲಿಲ್ಲ, ನಿಜ. ಸಮುದ್ರದಾಚೆ ಇಬ್ಬರು ದೊಡ್ಡವರು ಜಗಳವಾಡಿದರು, ಇವರ ಬಾಗಿಲು ಮುಚ್ಚಿತು, ಅಷ್ಟೆ. ಜನವರಿಯಲ್ಲಿ ಜೆದ್ದಾ ಮಾರ್ಗವಾಗಿ ವಿಮಾನ ಸಿಗುವ ತನಕ ಅವರು ಕಾಯಬೇಕಾಯಿತು.

ಬಾಗಿಲು ಮುಚ್ಚುವವರಲ್ಲಿ ಗಾಳಿಯೂ ಒಂದು. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಜೂನ್‌ನಿಂದ ಸೆಪ್ಟೆಂಬರ್ ತನಕ ಸೊಕೋತ್ರವನ್ನು ಬಡಿಯುತ್ತದೆ; ಆಗ ಸಣ್ಣ ಹಡಗುಗಳು ಆ ಕಡೆ ತಲೆ ಹಾಕುವಂತಿಲ್ಲ. 2015ರ ನವೆಂಬರಿನಲ್ಲಿ ಒಂದರ ಹಿಂದೊಂದು ಎರಡು ಚಂಡಮಾರುತಗಳು, ಚಪಲಾ ಮತ್ತು ಮೇಘ್, ದ್ವೀಪದ ಮನೆ, ದೋಣಿ, ಮರಗಳನ್ನು ಕೆಡವಿ ಹೋದವು. ಮೂಳೆ ಮುರಿದುಕೊಂಡವನು, ಕಂದರದಲ್ಲಿ ಜಾರಿದವನು, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದವನು ದ್ವೀಪದಿಂದ ಹೊರಗೆ ಹೋಗಲೇಬೇಕು. ಹೋಗುವ ವಿಮಾನ ದಿನವೂ ಇಲ್ಲ.

ನಮ್ಮ ಹುಡುಗನಿಗೆ ಇದೆಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಬೇರೆಯಿದೆ. ಭಾರತದ ಪಾಸ್‌ಪೋರ್ಟ್ ಉಳ್ಳವರು ಯೆಮನ್‌ಗೆ ಹೋಗಬಾರದೆಂದು ನಮ್ಮ ಸರ್ಕಾರ 2017ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಡಿಸಿದೆ. ಮೀರಿದವರ ಪಾಸ್‌ಪೋರ್ಟನ್ನು ಕನಿಷ್ಠ 7 ವರ್ಷ ಮುಟ್ಟುಗೋಲು ಹಾಕಬಹುದು. ಸೊಕೋತ್ರ ಯೆಮನ್‌ಗೆ ಸೇರಿದ ನೆಲ. ಅಬುಧಾಬಿಯಿಂದ ಹತ್ತಿದರೂ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ. ನಾಲ್ಕು ದಿನದ ಚಿತ್ರಗಳಿಗಾಗಿ ಏಳು ವರ್ಷದ ಅನ್ನ ಕಳೆದುಕೊಳ್ಳುವುದು ಲೆಕ್ಕ ಬರೆಯುವವನಿಗೆ ಹೇಗೆ ಸರಿದೂಗೀತು? ಸನಾದಲ್ಲಿದ್ದ ನಮ್ಮ ರಾಯಭಾರ ಕಚೇರಿ 2015ರಲ್ಲಿಯೇ ಮುಚ್ಚಿತು. ಅದರ ಕೆಲಸ ದೇಶದ ಹೊರಗಿನಿಂದ ನಡೆಯುತ್ತದೆ. ಆ ವರ್ಷ ನಮ್ಮ ನೌಕೆಗಳೂ ವಿಮಾನಗಳೂ 4,600ಕ್ಕಿಂತ ಹೆಚ್ಚು ಭಾರತೀಯರನ್ನು ಯೆಮನ್‌ನಿಂದ ಕರೆತಂದದ್ದು ಹೆಮ್ಮೆಯ ಕಾರ್ಯ. ಅದನ್ನೇ ನಂಬಿ ಟಿಕೆಟ್ ಕೊಳ್ಳುವುದು ಬೇರೆ ಮಾತು.

ಬೇರೆ ದೇಶದ ಪಾಸ್‌ಪೋರ್ಟ್ ಇರುವ ಗೆಳೆಯರು ಹೊರಟರೆ ಅವರಿಗೂ ನಾಲ್ಕು ಮಾತು ಹೇಳಬಹುದು. ಇಂದು ದ್ವೀಪದ ಆಡಳಿತ ಯಾರ ಕೈಯಲ್ಲಿದೆ, ವೀಸಾ ಕೊಟ್ಟವರನ್ನು ನಿಲ್ದಾಣದಲ್ಲಿರುವವರು ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಲಿ. ಅವರ ಸರ್ಕಾರ ಹೋಗಬೇಡಿ ಎಂದಿದ್ದರೆ ಅನೇಕ ವಿಮಾ ಕಂಪನಿಗಳು ಹಣ ಕೊಡುವುದಿಲ್ಲ. ಕಾಗದದ ಸಣ್ಣ ಅಕ್ಷರಗಳನ್ನು ಓದಲಿ. ಹೆಚ್ಚುವರಿ ಎರಡು ವಾರಕ್ಕೆ ಬೇಕಾದ ಔಷಧವೂ ನಗದು ಹಣವೂ ಜತೆಗಿರಲಿ. ಮನೆಯವರಿಗೆ ದಿನಾಂಕಗಳನ್ನು ಬರೆದು ಕೊಟ್ಟಿರಲಿ. ಸೈನಿಕರ ಕಡೆಗೂ, ಕೇಳದೆ ಹೆಂಗಸರ ಕಡೆಗೂ ಚಿತ್ರ ತೆಗೆಯುವ ಪೆಟ್ಟಿಗೆ ತಿರುಗಿಸದಿರಲಿ.

ಆದರೆ ನಮ್ಮ ಮನಸ್ಸನ್ನು ಕಾಡುವುದು ಪ್ರವಾಸಿಯ ಚಿಂತೆಯಲ್ಲ. 2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸೊಕೋತ್ರಕ್ಕೆ ಹೊಡೆದಾಗ ಭಾರತದ ಮರದ ಹಡಗುಗಳು ಮುಳುಗಿದವು. 38 ಮಂದಿ ಭಾರತೀಯರು ದ್ವೀಪದಲ್ಲಿ ಸುಮಾರು ಹತ್ತು ದಿನ ಉಳಿದರು. ಜೂನ್ ಮೊದಲಲ್ಲಿ ನೌಕಾಪಡೆಯ ಸುನಯನಾ ಹಡಗು ಹೋಗಿ ಅವರನ್ನು ಪೋರಬಂದರಕ್ಕೆ ತಂದಿತು. ನಿಷೇಧದ ಆಜ್ಞೆಗೆ ಆಗಲೇ ಎಂಟು ತಿಂಗಳಾಗಿತ್ತು! ಮರುವರ್ಷ ಬೇಡ, ಹಿಂದಿನ ವರ್ಷವೇ, 2017ರ ಏಪ್ರಿಲಿನಲ್ಲಿ, ಅಲ್ ಕೌಸರ್ ಎಂಬ ಭಾರತದ ಹಡಗನ್ನು ಅದೇ ನೀರಿನಲ್ಲಿ ಸೊಮಾಲಿಯದ ಕಡಲ್ಗಳ್ಳರು ಹಿಡಿದಿದ್ದರು. ಕಛ್ ಮತ್ತು ಸೌರಾಷ್ಟ್ರದ ಖಲಾಸಿಗಳು ಅಕ್ಕಿ, ಗೋಧಿ, ಸಕ್ಕರೆ ತುಂಬಿಕೊಂಡು ಆ ಸಮುದ್ರಕ್ಕೆ ಹೋಗುವುದು ಚಿತ್ರ ತೆಗೆಯುವುದಕ್ಕಲ್ಲ. ಹೋಗಬೇಡ ಎಂಬ ಒಂದು ಸಾಲಿನ ಆಜ್ಞೆ ಮೋಜುಗಾರನನ್ನು ತಡೆದೀತು. ಹೋಗು ಎಂದು ಕಳಿಸುವ ಮಾಲಿಕನನ್ನು ಯಾರು ತಡೆಯಬೇಕು? ಹಡಗು ಯಾವ ಬಂದರಿಗೆ ಹೊರಟಿದೆಯೆಂದು ಖಲಾಸಿಯ ಮನೆಗೆ ಮೊದಲೇ ತಿಳಿಸಬೇಕು, ಜೀವವಿಮೆ ಮಾಲಿಕನ ಖರ್ಚಿನಲ್ಲಿ ಆಗಬೇಕು, ಸಿಕ್ಕಿಬಿದ್ದ ದಿನಗಳ ಸಂಬಳ ಕತ್ತರಿಸಬಾರದು. ಗಿರಣಿಯ ಸಂಗಾತಿಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನ ರಜೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಪತ್ರಿಕೆಯ ಎರಡು ಪ್ರತಿಗಳನ್ನು ಅಂಗಡಿಗೆ ಕಳಿಸುತ್ತಿದ್ದೇವೆ. ಒಂದನ್ನು ಅವನು ಅಬುಧಾಬಿಗೆ ಒಯ್ಯಲಿ.